ಕೊಡುವ ಕೈಯನ್ನು ತಡೆದ ಕಥೆಗಳು: ಬಸವಚರಿತ್ರೆಯಲ್ಲಿ ಉಪಕಥೆಯ ಸ್ಥಾನ

ವೀರಶೈವ ಪುರಾಣಗಳನ್ನೂ ಶೂನ್ಯಸಂಪಾದನೆಯಂತಹ ಸಂಕಲನಗ್ರಂಥಗಳನ್ನೂ ಓದತೊಡಗಿದ ಸಾಹಿತ್ಯವಿದ್ಯಾರ್ಥಿಗಳು ಸಾಮಾನ್ಯವಾಗಿ ಎತ್ತುವ ಆಕ್ಷೇಪವೊಂದುಂಟು. ಕಥೆ ಒಂದು ದಾರಿ ಹಿಡಿದು ಸಾಗುತ್ತಿರುವಾಗ ನಡುವೆ ಇನ್ನಾರದೋ ಕಥೆ ಬಂದು ಸೇರುತ್ತದೆ. ಅದು ಮುಗಿಯುವುದರೊಳಗೆ ಮತ್ತೊಂದು. ಹೀಗಾಗಿ ನಾಯಕನ ಚರಿತ್ರೆ ಕೈಗೆ ಸಿಕ್ಕುವುದೇ ಇಲ್ಲವೆಂಬುದು ಆ ಆಕ್ಷೇಪ. ಇದು ಪೂರ್ಣವಾಗಿ ನಿರಾಧಾರವೇನೂ ಅಲ್ಲ. ಭಕ್ತರ ಹೆಸರುಗಳನ್ನು ಎಣಿಸುವ ಉತ್ಸಾಹದಲ್ಲಿ ಕಥನದ ಹದವನ್ನು ಮರೆತ ಪುರಾಣಗಳು ನಮ್ಮಲ್ಲಿ ಇಲ್ಲದಿಲ್ಲ. ಆದರೆ ಎಲ್ಲ ಉಪಕಥೆಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಬಸವಣ್ಣನವರ ಚರಿತ್ರೆಗೆ ಸಂಬಂಧಿಸಿದ ಕೆಲವು ಉಪಕಥೆಗಳನ್ನು ತೆಗೆದುಹಾಕಿದರೆ ಗ್ರಂಥ ಚಿಕ್ಕದಾಗುವುದಷ್ಟೇ ಅಲ್ಲ, ಬಸವಣ್ಣನವರೇ ಬೇರೊಬ್ಬರಾಗಿಬಿಡುತ್ತಾರೆ. ಆ ಮಾತನ್ನು ಗ್ರಂಥಗಳ ಕಾಲಕ್ರಮದಲ್ಲಿ ಇಟ್ಟು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಉಪಕಥೆಯ ಪ್ರಶ್ನೆ ನಮ್ಮ ಲಾಕ್ಷಣಿಕರಿಗೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದಿಂದ ಮೊದಲುಗೊಂಡು, ಹತ್ತನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಶ್ರಯದಲ್ಲಿದ್ದ ಧನಂಜಯನ ದಶರೂಪಕದವರೆಗೆ ಇತಿವೃತ್ತವನ್ನು ಎರಡಾಗಿ ವಿಭಾಗಿಸಿದ್ದಾರೆ. ನಾಯಕನ ಫಲಪ್ರಾಪ್ತಿಗೆ ಸಂಬಂಧಿಸಿದುದು ಆಧಿಕಾರಿಕ. ಅದಕ್ಕೆ ಅಂಗವಾಗಿ ಬರುವುದು ಪ್ರಾಸಂಗಿಕ. ಪ್ರಾಸಂಗಿಕದಲ್ಲಿ ದೂರದವರೆಗೆ ಹರಿದುಬರುವುದು ಪತಾಕೆ, ಒಂದೆಡೆ ಮಾತ್ರ ಕಾಣಿಸಿಕೊಂಡು ಮರೆಯಾಗುವುದು ಪ್ರಕರಿ. ರಾಮಕಥೆಯಲ್ಲಿ ಸುಗ್ರೀವನ ವೃತ್ತಾಂತ ಪತಾಕೆಗೆ ಉದಾಹರಣೆ, ಶಬರಿಯದು ಪ್ರಕರಿ. ಇಲ್ಲಿ ಧನಂಜಯನು ಸೇರಿಸಿರುವ ಒಂದು ಸೂಕ್ಷ್ಮವನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ಪ್ರಾಸಂಗಿಕವು ಪರರ ಪ್ರಯೋಜನಕ್ಕಾಗಿ ಹೊರಟರೂ ಪ್ರಸಂಗವಶದಿಂದ ಅದರ ಸ್ವಂತ ಪ್ರಯೋಜನವೂ ಅಲ್ಲಿ ಸಿದ್ಧಿಸಬೇಕೆಂಬುದು ಅವನ ಆಶಯ. ಸುಗ್ರೀವನು ರಾಮನಿಗೆ ನೆರವಾದನು, ತನ್ನ ರಾಜ್ಯವನ್ನೂ ಪಡೆದನು. ಅಂದರೆ ಉಪಕಥೆಯ ವ್ಯಕ್ತಿಗೆ ತನ್ನದೇ ಆದ ಬದುಕು ಇರಬೇಕು. ಅವನು ನಾಯಕನಿಗೆ ದೀಪ ಹಿಡಿಯಲು ಬಂದ ಆಳು ಮಾತ್ರವಾಗಿ ಉಳಿಯಬಾರದು. ಈ ಒರೆಗಲ್ಲನ್ನು ಕೈಯಲ್ಲಿಟ್ಟುಕೊಂಡರೆ ಯಾವ ಉಪಕಥೆ ಸಾರ್ಥಕ, ಯಾವುದು ಬರಿಯ ಹೊರೆ ಎಂಬುದು ಬೇಗನೆ ತಿಳಿದುಬರುತ್ತದೆ.

ಹೊರಗಿನ ಸಾಹಿತ್ಯದಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಷೇಕ್ಸ್‌ಪಿಯರ್ ಮಹಾಕವಿಯ ಲಿಯರ್ ನಾಟಕದಲ್ಲಿ ಹೆಣ್ಣುಮಕ್ಕಳಿಂದ ವಂಚಿತನಾದ ಅರಸನ ಕಥೆಯ ಮಗ್ಗುಲಲ್ಲಿ, ಮಗನಿಂದ ವಂಚಿತನಾದ ಗ್ಲಾಸ್ಟರನ ಕಥೆ ನಡೆಯುತ್ತದೆ. ಒಂದೇ ನೋವು ಎರಡು ಮನೆಗಳಲ್ಲಿ ಮರುದನಿಗೊಂಡು, ಅದು ಒಬ್ಬ ಮುದುಕನ ದುರದೃಷ್ಟವಲ್ಲ, ಲೋಕದ ಸ್ಥಿತಿಯೇ ಹೀಗಿರಬಹುದೆಂಬ ಭಯವನ್ನು ಹುಟ್ಟಿಸುತ್ತದೆ. ಇದು ಮುಖ್ಯಕಥೆಯನ್ನು ಅನುಸರಿಸಿ ಬಲಪಡಿಸುವ ರೀತಿ. ನಮ್ಮ ರಾಘವಾಂಕನದು ಇನ್ನೊಂದು ರೀತಿ. ಹರಿಶ್ಚಂದ್ರಕಾವ್ಯದಲ್ಲಿ ಬೇಟೆಯಿಂದ ಬಳಲಿದ ಅರಸನೆದುರಿಗೆ ವಿಶ್ವಾಮಿತ್ರನ ಸೃಷ್ಟಿಯಾದ ಹೊಲತಿಯರಿಬ್ಬರು ಬಂದು ಹಾಡಿ ಮೆಚ್ಚಿಸುತ್ತಾರೆ. ಮೊದಲು ಮುತ್ತಿನ ಸತ್ತಿಗೆಯನ್ನು ಕೇಳಿ, ಕೊನೆಗೆ ತಮ್ಮನ್ನು ವರಿಸೆಂದು ಬೇಡುತ್ತಾರೆ. ಅರಸನು ಕುಲದ ಕಾರಣ ಹೇಳಿ ನಿರಾಕರಿಸುತ್ತಾನೆ. ಅವರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ಬಿಟ್ಟುಕೊಡಲು ಒಪ್ಪುತ್ತಾನೆ. ಅದೇ ಅರಸನು ಕಾಶಿಯಲ್ಲಿ ವೀರಬಾಹುಕನೆಂಬ ಚಂಡಾಲನಿಗೆ ತನ್ನನ್ನು ಮಾರಿಕೊಂಡು ಸುಡುಗಾಡು ಕಾಯಬೇಕಾಗುತ್ತದೆ. ಮೊದಲಿನ ಚಿಕ್ಕ ಪ್ರಸಂಗವಿಲ್ಲದಿದ್ದರೆ ಕಾಶಿಯ ಈ ಘಟನೆ ಸತ್ಯಕ್ಕಾಗಿ ಪಟ್ಟ ಕಷ್ಟಗಳಲ್ಲಿ ಒಂದೆನಿಸಿಕೊಳ್ಳುತ್ತಿತ್ತು, ಅಷ್ಟೆ. ಆ ಪ್ರಸಂಗವಿರುವುದರಿಂದ ಸತ್ಯಸಂಧನಾದ ಅರಸನಲ್ಲಿ ಸತ್ಯದ ಬೆಳಕು ತಲುಪದ ಮೂಲೆಯೊಂದು ಉಳಿದಿತ್ತೆಂಬುದೂ, ಕಾವ್ಯವು ಅಲ್ಲಿಗೂ ಅವನನ್ನು ನಡೆಸಿಕೊಂಡು ಹೋಯಿತೆಂಬುದೂ ಗೊತ್ತಾಗುತ್ತದೆ. ಇಲ್ಲಿ ಉಪಕಥೆ ನಾಯಕನನ್ನು ಅನುಸರಿಸುವುದಿಲ್ಲ, ಅವನಿಗೆ ಎದುರಾಗಿ ನಿಲ್ಲುತ್ತದೆ. ಬಸವಚರಿತ್ರೆಯ ಉಪಕಥೆಗಳಲ್ಲಿ ಶ್ರೇಷ್ಠವಾದವೆಲ್ಲ ಈ ಎರಡನೆಯ ಜಾತಿಗೆ ಸೇರಿದವು.

ಆದರೆ ಮೊದಲಿನಿಂದಲೂ ಹೀಗಿರಲಿಲ್ಲ. ಕಲ್ಯಾಣದ ಕಾಲಕ್ಕೆ ಹತ್ತಿರದವನಾದ ಹರಿಹರನ ಬಸವರಾಜದೇವರ ರಗಳೆಯಲ್ಲಿ ಇಂದು ದೊರೆತಿರುವುದು ಹದಿಮೂರು ಸ್ಥಲಗಳು. ಅವುಗಳಲ್ಲಿ ಕಥೆ ಬಾಣದಂತೆ ನೇರವಾಗಿ ಓಡುತ್ತದೆ. ಬಾಗೇವಾಡಿ, ಕೂಡಲಸಂಗಮ, ಮಂಗಳವಾಡ ಎಂಬ ಮೂರು ನೆಲೆಗಳಲ್ಲಿ ಬಸವಣ್ಣನವರೊಬ್ಬರೇ ಓದುಗನ ಕಣ್ಣಮುಂದಿರುತ್ತಾರೆ. ಅವರ ಭಕ್ತಿ ಹೊಳೆಯಂತೆ ತುಂಬಿ ಹರಿಯುತ್ತದೆ. ಅವರ ಕೈ ಕೊಡುತ್ತಲೇ ಇರುತ್ತದೆ. ಬೇಡಿ ಬಂದ ಜಂಗಮನಿಗೆ ಇಲ್ಲವೆಂಬ ಮಾತಿಲ್ಲ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದರೆ ಕರುಗಳು ತಾಯಿಯಿಲ್ಲದೆ ಅಳುವುವೆಂದು ಅವುಗಳನ್ನೂ ಹಿಂದೆಯೇ ಕಳುಹಿಸಿದರೆಂಬ ಪ್ರಸಂಗ ಬಸವಚರಿತ್ರೆ ಹೇಳುವವರೆಲ್ಲರ ನಾಲಗೆಯ ಮೇಲಿದೆ. ಹರಿಹರನು ಭಾವದ ಕವಿ. ಉಕ್ಕುವ ಔದಾರ್ಯವನ್ನು ಅವನಷ್ಟು ಚೆನ್ನಾಗಿ ಚಿತ್ರಿಸಿದವರು ಕನ್ನಡದಲ್ಲಿ ಇಲ್ಲವೆಂದೇ ನನ್ನ ನಂಬಿಕೆ. ಆದರೆ ಈ ಔದಾರ್ಯವನ್ನು ಪ್ರಶ್ನಿಸುವವರು ಅಲ್ಲಿ ಯಾರು? ಬಿಜ್ಜಳನ ಆಸ್ಥಾನದ ಕೊಂಡೆಗಾರರು, ಹೊಟ್ಟೆಕಿಚ್ಚಿನವರು. ಅವರ ಪ್ರಶ್ನೆಗೆ ಪವಾಡವೇ ಉತ್ತರ. ಭಕ್ತರಲ್ಲೇ ಒಬ್ಬನು ಎದ್ದುನಿಂತು, ನೀವು ಕೊಡುವುದರಲ್ಲಿಯೇ ಒಂದು ದೋಷವಿದೆ ಎಂದು ಹೇಳುವ ಸಂದರ್ಭಕ್ಕೆ ಆ ಕಥನದ ವೇಗದಲ್ಲಿ ಎಡೆಯಿಲ್ಲ.

ಆ ಎಡೆ ತೆರೆದದ್ದು ಬಸವಪುರಾಣದಲ್ಲಿ. ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ರಚಿಸಿದ ಪುರಾಣವನ್ನು ಅನುಸರಿಸಿ ಭೀಮಕವಿಯು ೧೩೬೯ರಲ್ಲಿ ಕನ್ನಡ ಷಟ್ಪದಿಯಲ್ಲಿ ಬಸವಪುರಾಣವನ್ನು ಬರೆದನು. ಇಲ್ಲಿ ಬಸವಣ್ಣನವರು ಒಬ್ಬಂಟಿಗರಲ್ಲ. ಪುರಾತನರೂ ನೂತನರೂ ಆದ ಭಕ್ತರ ದೊಡ್ಡ ಸಮೂಹವೇ ಅವರೊಡನೆ ಬರುತ್ತದೆ. ಉಪಕಥೆಗಳು ವಿಪರೀತವಾಗಿವೆ ಎನ್ನುವವರ ಬೆರಳು ಮೊದಲು ತೋರುವುದೂ ಈ ಗ್ರಂಥದ ಕಡೆಗೇ. ಆದರೆ ಕಥೆಗಳು ಬರುವ ಸಂದರ್ಭವನ್ನು ನೋಡಬೇಕು. ಲೋಕದ ವ್ಯವಹಾರವನ್ನೇ ಅರಿಯದ ಮುಗ್ಧಸಂಗಯ್ಯನು ಇತರ ಜಂಗಮರು ಹೋಗುವಂತೆ ತಾನೂ ವೇಶ್ಯೆಯ ಮನೆಗೆ ಹೋಗಬೇಕೆಂದು ಕೇಳಿ, ಹೋಗಿ, ಅಲ್ಲಿಯೂ ಶಿವಪೂಜೆಯ ಸಾಮಗ್ರಿಯನ್ನೇ ಕಂಡು ಬರುತ್ತಾನೆ. ಆ ಪ್ರಸಂಗದ ಬೆನ್ನಿಗೆ ರುದ್ರಪಶುಪತಿ, ಬೆಜ್ಜಮಹಾದೇವಿ, ಕೊಡಗೂಸು, ಕಣ್ಣಪ್ಪ ಮುಂತಾದ ಮುಗ್ಧಭಕ್ತರ ಕಥೆಗಳು ಸಾಲುಗಟ್ಟುತ್ತವೆ. ಶಿವನು ವಿಷ ಕುಡಿದನೆಂದು ಕೇಳಿ, ಅದನ್ನು ಉಗುಳುವವರೆಗೆ ತಾನು ಬದುಕೆನೆಂದವನೊಬ್ಬ. ಶಿವನಿಗೆ ತಾಯಿಯಿಲ್ಲವೆಂದು ಮರುಗಿ ತಾನೇ ತಾಯಾದವಳೊಬ್ಬಳು. ತಂದೆ ಹೇಳಿಹೋದ ಹಾಲನ್ನು ಲಿಂಗವು ಕುಡಿಯಲೊಲ್ಲದೆಂದು ಅತ್ತ ಹುಡುಗಿಯೊಬ್ಬಳು. ಈ ಕಥೆಗಳನ್ನು ಹೇಳುವವರು ಯಾರು? ರಾಜ್ಯದ ಭಂಡಾರವನ್ನು ಕಾಯುವ, ಲೆಕ್ಕಪತ್ರದಲ್ಲಿ ನಿಪುಣರಾದ, ಶಾಸ್ತ್ರವನ್ನು ಬಲ್ಲ ಬಸವಣ್ಣನವರು. ಅಕ್ಷರ ಬಾರದವರ ಭಕ್ತಿಯನ್ನು ಮಂತ್ರಿಯು ಬಾಯಿತುಂಬ ಹೊಗಳುವಾಗ ಕಥೆಯ ಅರ್ಥ ಅವರ ಮೇಲೂ ಇವರ ಮೇಲೂ ಏಕಕಾಲಕ್ಕೆ ಬೀಳುತ್ತದೆ.

ಇದಕ್ಕಿಂತ ಮುಖ್ಯವಾದುದು ಮಡಿವಾಳ ಮಾಚಯ್ಯನವರ ಪ್ರಸಂಗ. ಹಿಪ್ಪರಿಗೆಯಿಂದ ಕಲ್ಯಾಣಕ್ಕೆ ಬಂದ ಈ ವೀರನಿಷ್ಠೆಯ ಶರಣರು ಶರಣರ ಬಟ್ಟೆಗಳನ್ನು ಮಡಿಮಾಡುವ ಕಾಯಕದವರು. ಜಂಗಮರಿಗೆ ನೀಡುವುದರಲ್ಲಿ ತಮಗೆ ಸಮಾನರಿಲ್ಲವೆಂಬ ಭಾವದ ಎಳೆಯೊಂದು ಬಸವಣ್ಣನವರ ಮನಸ್ಸಿನಲ್ಲಿ ಸುಳಿಯಿತೆಂದೂ, ಮಾಚಯ್ಯನವರು ಅದನ್ನು ಸಹಿಸಲಿಲ್ಲವೆಂದೂ ಪುರಾಣಪರಂಪರೆ ಹೇಳುತ್ತದೆ. ಶರಣರೆಂದರೆ ನಿನ್ನ ಕೈಯನ್ನು ನೋಡುತ್ತ ಕುಳಿತ ಬಡವರೆಂದು ತಿಳಿದೆಯಾ ಎಂಬುದು ಅವರ ಕೋಪದ ತಿರುಳು. ಬಟ್ಟೆ ಒಗೆಯುವವರ ಮುಂದೆ ದಂಡನಾಯಕರು ತಲೆಬಾಗುತ್ತಾರೆ. ಪವಾಡದ ಭಾಗವನ್ನು ಬೇಕಾದವರು ನಂಬಲಿ, ಬೇಡವಾದವರು ಬಿಡಲಿ. ಈ ತಲೆಬಾಗುವಿಕೆಯಂತೂ ಪವಾಡವಲ್ಲ. ಹರಿಹರನಲ್ಲಿ ಎಲ್ಲಿಯೂ ತಡೆಯಿಲ್ಲದೆ ಹರಿದ ದಾನಧಾರೆಗೆ ಇಲ್ಲಿ ಮೊದಲ ಬಾರಿಗೆ ಒಂದು ಕಟ್ಟೆ ಎದುರಾಯಿತು.

ಆ ಕಟ್ಟೆಯ ಕೆಲಸವನ್ನು ಪೂರ್ಣಗೊಳಿಸಿದವರು ಶೂನ್ಯಸಂಪಾದನೆಕಾರರು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಆಚೀಚೆ, ಶರಣಸಾಹಿತ್ಯಕ್ಕೆ ಒಂದು ಪುನರುಜ್ಜೀವನ ಒದಗಿತು. ಲಕ್ಕಣ್ಣದಂಡೇಶನ ಶಿವತತ್ತ್ವಚಿಂತಾಮಣಿ, ಚಾಮರಸನ ಪ್ರಭುಲಿಂಗಲೀಲೆ ಈ ಕಾಲದವು. ಚದುರಿಹೋಗಿದ್ದ ವಚನಗಳನ್ನು ಹುಡುಕಿ ಕೂಡಿಸುವ ಕಾರ್ಯವೂ ಆಗಲೇ ವ್ಯವಸ್ಥಿತವಾಗಿ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಬ್ಬರ ಹಿಂದೊಬ್ಬರು ಶೂನ್ಯಸಂಪಾದನೆಯನ್ನು ಕಟ್ಟಿದರು, ಮುರಿದು ಮತ್ತೆ ಕಟ್ಟಿದರು. ಕೊನೆಯದಾದ ಗೂಳೂರರ ಗ್ರಂಥವನ್ನು ಫ. ಗು. ಹಳಕಟ್ಟಿಯವರು ೧೯೩೦ರಲ್ಲಿಯೂ, ಸಂ. ಶಿ. ಭೂಸನೂರಮಠರು ೧೯೫೮ರಲ್ಲಿಯೂ ಹೊರತಂದರು. ೧೯೬೫ರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಐದು ಸಂಪುಟಗಳಲ್ಲಿ ಇಂಗ್ಲಿಷಿಗೂ ತಂದಿತು.

ಇಲ್ಲಿ ಸಾಹಿತ್ಯವಿದ್ಯಾರ್ಥಿಗಳು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಂಪಾದನಕಾರರ ಕೈಗೆ ಬಂದುದು ವಚನಗಳು. ಆ ವಚನಗಳು ಯಾವಾಗ, ಯಾರ ಎದುರಿಗೆ, ಏತಕ್ಕಾಗಿ ನುಡಿದವು ಎಂಬ ವಿವರ ಅವುಗಳ ಜೊತೆಯಲ್ಲಿ ಬರಲಿಲ್ಲ. ಒಂದು ವಚನದಲ್ಲಿ ಕೋಪವಿದೆ, ಇನ್ನೊಂದರಲ್ಲಿ ಪಶ್ಚಾತ್ತಾಪವಿದೆ, ಮತ್ತೊಂದರಲ್ಲಿ ಹೆಂಡತಿ ಗಂಡನಿಗೆ ಬುದ್ಧಿ ಹೇಳುತ್ತಿದ್ದಾಳೆ. ಇವುಗಳ ನಡುವೆ ನಡೆದಿರಬಹುದಾದ ಸಂದರ್ಭವನ್ನು ಪರಂಪರೆಯ ಕಥೆಗಳ ನೆರವಿನಿಂದ ಸಂಪಾದನಕಾರರು ಪುನಃಸ್ಥಾಪಿಸಿದರು. ಆದ್ದರಿಂದ ಅವರ ಉಪಕಥೆಯೆಂದರೆ ಒಂದು ಬಗೆಯ ವ್ಯಾಖ್ಯಾನ. ಹನ್ನೆರಡನೆಯ ಶತಮಾನದ ಘಟನೆಯ ವರದಿಯೆಂದು ಅದನ್ನು ಓದುವವರು ನಿರಾಶರಾಗುತ್ತಾರೆ. ಮುನ್ನೂರು ವರ್ಷಗಳ ಅನಂತರ ಶರಣಪರಂಪರೆಯು ತನ್ನ ಮೂಲಪುರುಷರನ್ನು ಹೇಗೆ ಅರ್ಥಮಾಡಿಕೊಂಡಿತೆಂಬುದಕ್ಕೆ ಅದು ಅಮೂಲ್ಯವಾದ ದಾಖಲೆ.

ಹಾಗೆ ನೋಡಿದಾಗ ನನಗೆ ಬಹುಕಾಲದಿಂದ ಆಶ್ಚರ್ಯವನ್ನುಂಟುಮಾಡಿರುವ ಸಂಗತಿಯೊಂದಿದೆ. ಕಾಯಕಶರಣರಾದ ಆಯ್ದಕ್ಕಿ ಮಾರಯ್ಯ, ಮೋಳಿಗೆಯ ಮಾರಯ್ಯ, ನುಲಿಯ ಚಂದಯ್ಯ ಈ ಮೂವರ ಕಥೆಗಳೂ ಬೇರೆ ಬೇರೆ. ಆದರೆ ಮೂರರಲ್ಲಿಯೂ ಬಸವಣ್ಣನವರು ಏನನ್ನೋ ಹೆಚ್ಚಾಗಿ ಕೊಡುತ್ತಾರೆ, ಮೂರರಲ್ಲಿಯೂ ಅದು ಹಿಂದಕ್ಕೆ ಬರುತ್ತದೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಪ್ರಭುದೇವರೊಡನೆ ಕಾಯಕದ ವಿಚಾರವಾಗಿಯೇ ಮಾತಿಗೆ ಕುಳಿತು ಮಾರಯ್ಯನವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಕಾಯಕದ ಮಾತಿನಲ್ಲಿ ಕಾಯಕವೇ ನಿಂತುಹೋಗಿದೆ! ಅದನ್ನು ನೆನಪಿಸುವವರು ಲಕ್ಕಮ್ಮನವರು. ಅವಸರದಿಂದ ಹೋದ ಮಾರಯ್ಯನವರು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡು ಬರುತ್ತಾರೆ. ಲಕ್ಕಮ್ಮನವರು ಗಂಟನ್ನು ಕಂಡು ಸಂತೋಷಪಡುವುದಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾರೆ. ಅವರ ವಚನಗಳಲ್ಲಿ ಎದ್ದು ಕಾಣುವ ಸೂಕ್ಷ್ಮವೆಂದರೆ ಅವರು ಗಂಡನನ್ನು ಮಾತ್ರ ಪ್ರಶ್ನಿಸುವುದಿಲ್ಲ. ಈ ಹೆಚ್ಚಳ ನಿಮ್ಮ ಮನಸ್ಸಿನ ಆಸೆಯಿಂದ ಬಂತೋ, ಬಸವಣ್ಣನವರ ಮನಸ್ಸಿನ ಅನುಮಾನದಿಂದ ಬಂತೋ ಎಂದು ಎರಡು ಕಡೆಗೂ ಕೈ ತೋರುತ್ತಾರೆ. ಮಹಾಮನೆಯವರೇ ಬೇಕೆಂದು ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂಬ ಜನಪ್ರಿಯ ಕಥೆ ಇಲ್ಲಿಂದಲೇ ಬೆಳೆದಿರಬಹುದು. ಬಡವರೆಂದು ಕನಿಕರಿಸಿ ಹೆಚ್ಚು ಕೊಡುವುದೂ ಒಂದು ಬಗೆಯ ಅನುಮಾನ: ನಿಮ್ಮ ಕಾಯಕ ನಿಮಗೆ ಸಾಲದು ಎಂಬ ಅನುಮಾನ. ಎಷ್ಟು ನವುರಾದ ತೀರ್ಪು! ಅನಂತರ ಆ ಚಿಕ್ಕ ಮನೆಯ ಅಳತೆಯ ಅಕ್ಕಿಯಲ್ಲಿಯೇ ಬಸವಣ್ಣನವರೊಡನೆ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ತೃಪ್ತಿಯಾಯಿತೆಂದು ಕಥೆ ಹೇಳುತ್ತದೆ. ಕೊಡುವವರೇ ಉಣ್ಣುವವರಾಗಿ ಬಂದು ಪಂಕ್ತಿಯಲ್ಲಿ ಕುಳಿತರು.

ಧನಂಜಯನ ಒರೆಗಲ್ಲನ್ನು ಇಲ್ಲಿ ಉಪಯೋಗಿಸಿ ನೋಡಬಹುದು. ಲಕ್ಕಮ್ಮನವರು ಬಸವಣ್ಣನವರ ಚರಿತ್ರೆಗೆ ಒಂದು ತಿರುವು ಕೊಟ್ಟು ಮರೆಯಾಗುವುದಿಲ್ಲ. ಅವರಿಗೆ ತಮ್ಮದೇ ಆದ ಹಾದಿಯಿದೆ. ಐಕ್ಯದ ವಿಚಾರದಲ್ಲಿ ಗಂಡನಿಗೇ ಬೆಳಕು ತೋರಿಸುವ ಮಟ್ಟಿಗೆ ಅವರು ಬೆಳೆಯುತ್ತಾರೆ. ಅವರ ಅಂಕಿತವು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರನ್ನು ಅಂಕಿತದಲ್ಲಿ ಹೊತ್ತುಕೊಂಡೇ ಗಂಡನನ್ನು ತಿದ್ದುವ ಈ ತಾಯಿಯ ಪಾತ್ರಕ್ಕೆ ಸಮನಾದುದು ಹಳೆಯ ಕಾವ್ಯಗಳ ಪಟ್ಟಮಹಿಷಿಯರಲ್ಲಿ ಸುಲಭವಾಗಿ ದೊರೆಯದು.

ಮೋಳಿಗೆಯ ಮಾರಯ್ಯನವರ ಕಥೆಯಲ್ಲಿ ಅದೇ ಸಂಗತಿ ಬೇರೊಂದು ಬಣ್ಣ ತಾಳುತ್ತದೆ. ಪರಂಪರೆಯ ಪ್ರಕಾರ ಇವರು ಕಾಶ್ಮೀರದ ಅರಸರು. ಪತ್ನಿ ಮಹಾದೇವಿಯರೊಡನೆ ಕಲ್ಯಾಣಕ್ಕೆ ಬಂದು ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ ದಾಸೋಹ ನಡೆಸಿದವರು. ಅವರ ಮನೆಯಲ್ಲಿ ಜಂಗಮರಿಗೆ ಸಿಕ್ಕುತ್ತಿದ್ದುದು ಅಂಬಲಿ. ಬಸವಣ್ಣನವರು ಮರುಕಗೊಂಡು, ಮಾರಯ್ಯನವರಿಲ್ಲದ ಹೊತ್ತಿನಲ್ಲಿ ಜಂಗಮವೇಷದಿಂದ ಹೋಗಿ, ಅಂಬಲಿಯನ್ನು ಸವಿದು, ಹೊನ್ನನ್ನು ಮರೆಯಲ್ಲಿಟ್ಟು ಬರುತ್ತಾರೆ. ಹಿಂದಿರುಗಿದ ಮಾರಯ್ಯನವರಿಗೆ ಆ ಹೊನ್ನು ಕಂಡಾಗ ಆದದ್ದು ಹರ್ಷವಲ್ಲ, ನೋವು. ಅವರ ಕೈಯಲ್ಲಿ ಕಟ್ಟಿಗೆಯೇ ಹೊನ್ನಾಯಿತೆಂದೂ, ಬಂದ ಹೊನ್ನೆಲ್ಲ ಜಂಗಮರ ಪಾಲಾಯಿತೆಂದೂ ಕಥೆ ಮುಂದುವರಿಯುತ್ತದೆ. ಲಕ್ಕಮ್ಮನವರ ನಿರಾಕರಣೆಗೂ ಇವರ ನಿರಾಕರಣೆಗೂ ಒಂದು ವ್ಯತ್ಯಾಸವಿದೆ. ಆ ತಾಯಿಗೆ ಸಂಪತ್ತು ಎಂದೂ ಇರಲಿಲ್ಲ. ಇವರು ಸಂಪತ್ತನ್ನು ಕಂಡು, ಉಂಡು, ಬಿಟ್ಟು ಬಂದವರು. ಬಿಟ್ಟುಬಂದುದನ್ನೇ ಬಾಗಿಲ ಸಂದಿಯಿಂದ ಒಳಗೆ ತಳ್ಳಿದರೆ ಅದು ಉಪಕಾರವೇ? ಬಸವಣ್ಣನವರು ಅರಸರೊಬ್ಬರ ಭಂಡಾರಿ. ಮಾರಯ್ಯನವರು ಅರಸುತನವನ್ನೇ ಕಳಚಿದವರು. ಇಬ್ಬರನ್ನೂ ಒಂದು ಅಂಬಲಿಯ ಬಟ್ಟಲಿನ ಆಚೀಚೆ ಕೂರಿಸಿದ ಸಂಪಾದನಕಾರನ ಕಥನಪ್ರಜ್ಞೆ ಸಾಮಾನ್ಯವಾದುದಲ್ಲ.

ನುಲಿಯ ಚಂದಯ್ಯನವರದು ಎಲ್ಲಕ್ಕಿಂತ ಕಟುವಾದ ಪ್ರಸಂಗ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ನೀರಿಗೆ ಬೀಳುತ್ತದೆ. ಅವರು ಹುಲ್ಲನ್ನು ಬಿಟ್ಟು ಲಿಂಗವನ್ನು ಹುಡುಕುವುದಿಲ್ಲ. ಲಿಂಗವೇ ಹಿಂದೆ ಬಂದು ಬೇಡಿಕೊಳ್ಳುತ್ತದೆ. ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಂಧಾನ ಮಾಡುತ್ತಾರೆ. ಕೊನೆಗೆ ಲಿಂಗವೂ ಕಾಯಕ ಮಾಡಬೇಕೆಂದು, ಹೊಸೆದ ಹಗ್ಗವನ್ನು ಮಾರಿಬರಲು ಅದನ್ನೇ ಕಳುಹಿಸಲಾಗುತ್ತದೆ. ಕೊಂಡವರು ಬಸವಣ್ಣನವರು, ಹಗ್ಗಕ್ಕೆ ಅವರು ಕೊಟ್ಟ ಬೆಲೆ ಸಾವಿರ ಹೊನ್ನು. ಚಂದಯ್ಯನವರು ಕೆರಳುತ್ತಾರೆ. ಹಗ್ಗಕ್ಕೆ ಹಗ್ಗದ ಬೆಲೆ. ಅದಕ್ಕಿಂತ ಹೆಚ್ಚಿನದು ಕಾಯಕದ ಹಣವಲ್ಲ, ಅದರಿಂದ ದಾಸೋಹ ಸಲ್ಲದು. ದೇವರ ಕೈಯಿಂದ ಬಂದರೂ ಸಲ್ಲದು, ಬಸವಣ್ಣನವರ ಕೈಯಿಂದ ಬಂದರೂ ಸಲ್ಲದು. ಈ ಕಥೆಯನ್ನು ಮಕ್ಕಳಿಗೆ ಹೇಳಿದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತಿತ್ತು. ದೇವರು ಸಂತೆಯಲ್ಲಿ ಹಗ್ಗ ಮಾರುವ ಚಿತ್ರ ಅವರಿಗೆ ಸೊಗಸೆನಿಸುತ್ತಿತ್ತು. ನಗುವುದರಲ್ಲಿ ತಪ್ಪೇನಿದೆ? ಕಥೆಯಲ್ಲಿ ವಿನೋದವೂ ಇದೆ. ಆದರೆ ಸಾವಿರ ಹೊನ್ನಿನ ಮಾತು ಬಂದಾಗ ಯಾವನಾದರೂ ಒಬ್ಬ ಹುಡುಗ, ಬಸವಣ್ಣನವರು ಒಳ್ಳೆಯದನ್ನೇ ಮಾಡಿದರಲ್ಲ, ಅವರದೇನು ತಪ್ಪು ಎಂದು ಕೇಳದೆ ಇರುತ್ತಿರಲಿಲ್ಲ. ಉಪಕಥೆಯ ತಿರುಳೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣಸಿದ್ಧಾಂತದ ಗ್ರಂಥಗಳು ಬಗೆಬಗೆಯಾಗಿ ವಿವರಿಸುತ್ತವೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ; ದಾಸೋಹದಲ್ಲಿ ಕೊಡುವವನೇ ದಾಸ. ಹೀಗೆ ಸೂತ್ರರೂಪವಾಗಿ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಉದಾರಿಯಾದವನೊಬ್ಬನಿಗೆ ತನ್ನ ಔದಾರ್ಯದೊಳಗೆ ಅಡಗಿದ 'ನಾನು' ಹೇಗೆ ಕಾಣಿಸಬೇಕು? ಉಪದೇಶದಿಂದ ಕಾಣಿಸದು. ತಾನು ಕೊಟ್ಟದ್ದನ್ನು ಸ್ವೀಕರಿಸದೆ ಹಿಂದಿರುಗಿಸುವ, ತನಗಿಂತ ಬಡವನಾದ, ತನ್ನನ್ನು ಪ್ರೀತಿಸುವ ಒಬ್ಬನು ಎದುರಿಗೆ ಬರಬೇಕು. ಮುಖ್ಯಕಥೆಯಲ್ಲಿ ಬಸವಣ್ಣನವರಿಗೆ ಎದುರಾಗುವವರು ಬಿಜ್ಜಳ ಮತ್ತು ಅವನ ಕಡೆಯವರು. ಅವರ ವಿರೋಧದಿಂದ ಬಸವಣ್ಣನವರ ಧೈರ್ಯ ಪ್ರಕಾಶಕ್ಕೆ ಬರುತ್ತದೆ, ವಿನಯ ಬರುವುದಿಲ್ಲ. ವಿನಯವನ್ನು ಬೆಳಗಿಸಿದವರು ಅಕ್ಕಿ ಆಯುವವರು, ಕಟ್ಟಿಗೆ ಮಾರುವವರು, ಹಗ್ಗ ಹೊಸೆಯುವವರು. ತಾನು ಎಲ್ಲರಿಗಿಂತ ಚಿಕ್ಕವನೆಂಬ ಭಾವ ಬಸವಣ್ಣನವರ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಬರಿಯ ಕವಿಸಮಯವೆಂದೋ ಸಭ್ಯತೆಯ ಮಾತೆಂದೋ ಓದುವವರಿಗೆ ಸಂಪಾದನಕಾರರು ಕೊಟ್ಟ ಉತ್ತರ ಈ ಮೂರು ಕಥೆಗಳು. ಮೂರು ಮನೆಗಳ ಹೊಸ್ತಿಲಲ್ಲಿ ಕಲಿತ ಮೇಲೆ ಹುಟ್ಟಿದ ಮಾತು ಅದು ಎಂಬುದು ಅವರ ವ್ಯಾಖ್ಯಾನ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ತಿಂಗಳುಗಟ್ಟಲೆ ನಡೆಯುತ್ತಿದ್ದ ಪುರಾಣಪ್ರವಚನ ಈಗ ಐದು ದಿನಗಳಿಗೆ, ಮೂರು ದಿನಗಳಿಗೆ ಇಳಿದಿದೆ. ನಾನು ವಾಸಿಸುವ ದೊಡ್ಡನೆಕ್ಕುಂದಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಮಗ್ಗುಲಿನ ಊರು. ಕಲಬುರಗಿ, ಬೀದರ, ವಿಜಯಪುರದ ಕಡೆಗಳಿಂದ ಉದ್ಯೋಗಕ್ಕೆಂದು ಬಂದ ಮಕ್ಕಳು ಇಲ್ಲಿಯ ಎತ್ತರದ ವಸತಿಗಳಲ್ಲಿ ಮನೆ ಮಾಡಿದ್ದಾರೆ. ಶ್ರಾವಣದಲ್ಲಿ ಅವರು ಶ್ರದ್ಧೆಯಿಂದ ಪ್ರವಚನ ಏರ್ಪಡಿಸುತ್ತಾರೆ. ಕಚೇರಿಯಿಂದ ಬಂದು, ಬಟ್ಟೆ ಬದಲಿಸಿ, ಒಂದು ಗಂಟೆ ಕುಳಿತು ಕೇಳುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಗಂಟೆಗೆ ಹೊಂದಿಸಲು ಪ್ರವಚನಕಾರರ ಕತ್ತರಿ ಮೊದಲು ಬೀಳುವುದು ಉಪಕಥೆಗಳ ಮೇಲೆಯೇ. ಉಳಿಯುವುದು ಬಾಗೇವಾಡಿಯ ಜನನ, ಉಪನಯನದ ನಿರಾಕರಣೆ, ಬಿಜ್ಜಳನ ಮಂತ್ರಿಪದವಿ, ಕಲ್ಯಾಣದ ಕ್ರಾಂತಿ. ಅದು ಕ್ರಮಬದ್ಧವಾದ ಜೀವನಚರಿತ್ರೆಯೇನೋ ಹೌದು. ಅದರಲ್ಲಿ ಬಸವಣ್ಣನವರು ದೊಡ್ಡ ದಾನಿಗಳಾಗಿ ಉಳಿಯುತ್ತಾರೆ. ದಾನಿಗಳ ಹೆಸರನ್ನು ಚಂದಾದ ಮೊತ್ತಕ್ಕೆ ತಕ್ಕಂತೆ ಹಿರಿದು ಕಿರಿದು ಅಕ್ಷರಗಳಲ್ಲಿ ಕಲ್ಲಿಗೆ ಕೆತ್ತಿಸಿದ ದಾಸೋಹಭವನದಲ್ಲಿ ಕುಳಿತು ಅಂತಹ ಚರಿತ್ರೆಯನ್ನು ಕೇಳುವುದಕ್ಕೆ ಯಾವ ಅಡ್ಡಿಯೂ ಉಂಟಾಗುವುದಿಲ್ಲ. ಲಕ್ಕಮ್ಮನವರ ಕಥೆಯನ್ನು ಹೇಳಿದ್ದರೆ ಒಂದಿಷ್ಟು ಅಡ್ಡಿಯಾಗುತ್ತಿತ್ತು.

ಕಾಲ ಸಾಲದೆಂಬ ಮಾತನ್ನು ನಾನು ಒಪ್ಪುತ್ತೇನೆ. ಕಡಿಮೆ ಮಾಡಲೇಬೇಕಾದರೆ ಪುರಾತನರ ನಾಮಾವಳಿಗಳನ್ನು ಮಾಡಬಹುದು, ಪಟ್ಟಣವರ್ಣನೆಗಳನ್ನು ಮಾಡಬಹುದು, ಪವಾಡಗಳ ಸಂಖ್ಯೆಯನ್ನೂ ತಗ್ಗಿಸಬಹುದು. ನಾಯಕನಿಗೆ ಎದುರಾಡುವ ಕಥೆಗಳನ್ನು ಮಾತ್ರ ಮುಟ್ಟಬಾರದು. ಅವು ಅಡ್ಡದಾರಿಗಳಂತೆ ಕಾಣುತ್ತವೆ. ಊರಿಗೆ ಸೇರಿಸುವ ದಾರಿ ಅವೇ ಎಂಬುದು ಗ್ರಂಥದ ಕೊನೆಯ ಭಾಗಕ್ಕೆ ಬಂದಾಗ ತಿಳಿಯುತ್ತದೆ.

ಈ ಮೂರು ಪ್ರಸಂಗಗಳನ್ನೂ ಗೂಳೂರ ಸಿದ್ಧವೀರಣ್ಣೊಡೆಯರು ಪ್ರಭುದೇವರ ಶೂನ್ಯಸಿಂಹಾಸನಾರೋಹಣಕ್ಕೆ ಮೊದಲೇ ಇಟ್ಟಿದ್ದಾರೆ. ಸಂಚಾರದಿಂದ ಹಿಂದಿರುಗಿದ ಪ್ರಭುದೇವರು ಬಸವಣ್ಣನವರ ಮಹಾಮನೆಯಲ್ಲಿ ಸಿಂಹಾಸನವನ್ನೇರುತ್ತಾರೆ. ಅನಂತರ ಆರೋಗಣೆಯ ಪ್ರಸಂಗ. ಜಂಗಮರಿಗಾಗಿ ಸಿದ್ಧವಾಗಿದ್ದ ಅಡಿಗೆಯನ್ನೆಲ್ಲ ಪ್ರಭುದೇವರೊಬ್ಬರೇ ಉಣ್ಣುತ್ತಾರೆ. ಬಡಿಸಿದಷ್ಟೂ ಮುಗಿಯುತ್ತದೆ, ಹಸಿವು ತೀರುವುದಿಲ್ಲ. ಹಸಿದ ಜಂಗಮರು ಮುನಿದು ಎದ್ದುಹೋಗುತ್ತಾರೆ. ಮಹಾಮನೆಯ ಭಂಡಾರ ಬರಿದಾಗಿದೆ. ಕೊಡುಗೈಯವರೆಂದು ಲೋಕವೆಲ್ಲ ಹೊಗಳಿದ ಬಸವಣ್ಣನವರಲ್ಲಿ ಕೊಡಲು ಇನ್ನೇನೂ ಉಳಿದಿಲ್ಲ. ಹರಿಹರನ ಬಸವಣ್ಣನವರಾಗಿದ್ದರೆ ಇಲ್ಲಿ ಒಂದು ಪವಾಡ ನಡೆದು ಅಡಿಗೆ ಅಕ್ಷಯವಾಗುತ್ತಿತ್ತೇನೋ. ಅಕ್ಕಿಯನ್ನು, ಹೊನ್ನನ್ನು, ಹಗ್ಗದ ಹೆಚ್ಚುವರಿ ಬೆಲೆಯನ್ನು ಮೂರು ಬಾರಿ ಹಿಂದಕ್ಕೆ ಪಡೆದ ಈ ಬಸವಣ್ಣನವರು ಬೇರೆ ಅನ್ನವನ್ನು ಹುಡುಕಲು ಹೋಗುವುದಿಲ್ಲ. ತಮ್ಮನ್ನೇ ನೈವೇದ್ಯವಾಗಿ ಪ್ರಭುದೇವರ ಮುಂದೆ ಇಡುತ್ತಾರೆ. ಪ್ರಭುದೇವರಿಗೆ ತೃಪ್ತಿಯಾಗುತ್ತದೆ, ಮುನಿದು ಹೋಗಿದ್ದ ಜಂಗಮರಿಗೂ ತಾವು ಉಣ್ಣದೆಯೇ ಹೊಟ್ಟೆ ತುಂಬಿ ತೇಗು ಬರುತ್ತದೆ.